ಆ ಲೆಕ್ಕ ಯಾವ ತಿಂಗಳದ್ದು?

ಕಲಬುರಗಿಯ ಧಾನ್ಯ ಮಾರುಕಟ್ಟೆ ನೆಹರು ಗಂಜ್ ಹತ್ತಿರ ನನ್ನದೊಂದು ಸಣ್ಣ ಆಫೀಸಿದೆ. ಯಾವ ಪಾರ್ಟಿಗೆ ಎಷ್ಟು ಉದ್ರಿ ಕೊಡಬಹುದು, ಅವರ ಕೈಯಲ್ಲಿ ತೀರಿಸುವ ಶಕ್ತಿ ಇದೆಯಾ ಅಂತ ಲೆಕ್ಕಪತ್ರ ನೋಡಿ ಹೇಳುವುದು ನನ್ನ ಕೆಲಸ. ಕಂಪನಿಗಳ ಲೆಕ್ಕಪತ್ರವೆಲ್ಲ ಈಗ ಆನ್‌ಲೈನ್‌ನಲ್ಲೇ ಸಿಗುತ್ತದೆ.

ಒಂದು ಡಿಸೆಂಬರ್‌ನಲ್ಲಿ, ಹೊಸ ತೊಗರಿ ಬರಲು ಶುರುವಾದಾಗ, ಪರಿಚಯದ ಅಡತಿ ವ್ಯಾಪಾರಿಯೊಬ್ಬರು ಮೊಬೈಲ್ ಹಿಡಿದುಕೊಂಡು ಬಂದರು. ಹೊರರಾಜ್ಯದ ಬೇಳೆ ಕಂಪನಿಯೊಂದು 60 ದಿನದ ಉದ್ರಿಯಲ್ಲಿ ತೊಗರಿ ಕೇಳಿತ್ತು. "ತಮ್ಮಾ, ಈ ಪಾರ್ಟಿ ಹ್ಯಾಂಗ್ ಅದ ನೋಡು" ಎಂದರು. ಕಂಪನಿಯ ವೆಬ್‌ಸೈಟ್ ತೋರಿಸಿದರು. ದೊಡ್ಡ ಗೋದಾಮು, ಹೊಳೆಯುವ ಮಷೀನು, ಸಾಲಾಗಿ ನಿಂತ ಲಾರಿಗಳ ಫೋಟೋ. ನನಗೆ ಬೇಕಾದದ್ದು ಒಂದೂ ಅದರಲ್ಲಿ ಇರಲಿಲ್ಲ.

ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ಪೋರ್ಟಲ್‌ನಲ್ಲಿ 100 ರೂಪಾಯಿ ಕಟ್ಟಿ ಆ ಕಂಪನಿಯ ಕಾಗದಗಳನ್ನು ತೆಗೆದೆ. ಬ್ಯಾಲೆನ್ಸ್ ಶೀಟ್‌ನ ಮೊದಲ ಪುಟ ಚೆನ್ನಾಗಿತ್ತು. ಮಾರಾಟ 38 ಕೋಟಿ, ಲಾಭವೂ ಇತ್ತು. ನಾನು ಮೊದಲ ಪುಟಕ್ಕೆ ನಿಲ್ಲುವುದಿಲ್ಲ, ಟಿಪ್ಪಣಿಗಳಿಗೆ ಹೋಗುತ್ತೇನೆ. ಬರಬೇಕಾದ ಬಾಕಿ ಎಷ್ಟು ಹಳೆಯದು ಅಂತ ಬಿಡಿಸಿ ತೋರಿಸುವ ಪಟ್ಟಿಯೊಂದು 2021ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ. ಆರು ತಿಂಗಳ ಒಳಗಿನದು ಎಷ್ಟು, ಒಂದು ವರ್ಷದ್ದು ಎಷ್ಟು, ಮೂರು ವರ್ಷ ದಾಟಿದ್ದು ಎಷ್ಟು, ಎಲ್ಲ ಬೇರೆ ಬೇರೆ ಇರುತ್ತದೆ. ಈ ಕಂಪನಿಗೆ ಬರಬೇಕಾದದ್ದು 11 ಕೋಟಿ. ಅದರಲ್ಲಿ 4 ಕೋಟಿ ಎರಡು ವರ್ಷ ದಾಟಿತ್ತು. ಬೇಳೆ ವ್ಯಾಪಾರದಲ್ಲಿ ಎರಡು ವರ್ಷದ ಬಾಕಿ ಅಂದರೆ ಅದು ಬರುವ ದುಡ್ಡಲ್ಲ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ತಾರೀಖು. ಆ ಲೆಕ್ಕ ಮಾರ್ಚ್ 31ರದ್ದು. ಸೆಪ್ಟೆಂಬರ್ ಕೊನೆಯೊಳಗೆ ವಾರ್ಷಿಕ ಸಭೆ, ಆಮೇಲೆ 30 ದಿನದಲ್ಲಿ ಲೆಕ್ಕ ಸಲ್ಲಿಕೆ. ನಮ್ಮ ಕೈಗೆ ಸಿಗುವ ಹೊತ್ತಿಗೆ ಅಕ್ಟೋಬರ್ ಮುಗಿದಿರುತ್ತದೆ. ಡಿಸೆಂಬರ್‌ನ ಉದ್ರಿಯನ್ನು ಒಂಬತ್ತು ತಿಂಗಳು ಹಳೆಯ ಲೆಕ್ಕ ನೋಡಿ ಕೊಡೋಕಾಗುತ್ತಾ? ಇನ್ನೊಂದು ಮಾತು. ತೊಗರಿ ಖರೀದಿಯ ಭರಾಟೆ ಡಿಸೆಂಬರ್‌ನಿಂದ ಮಾರ್ಚ್ ತನಕ. ಹಾಗಾಗಿ ಮಾರ್ಚ್ 31ಕ್ಕೆ ಬೇಳೆ ಮಿಲ್ಲಿನ ಗೋದಾಮು ತುಂಬಿರುತ್ತದೆ, ಬ್ಯಾಂಕ್ ಸಾಲವೂ ಜಾಸ್ತಿ ಇರುತ್ತದೆ. ಬೆಂಗಳೂರಲ್ಲಿ ಕೂತು ಬರೀ ಅನುಪಾತ ನೋಡುವವರಿಗೆ ಅದು ಕಷ್ಟದ ಕಂಪನಿ ಅನಿಸಬಹುದು. ನಮ್ಮ ಕಡೆಯವರಿಗೆ ಅದು ಹಂಗಾಮು.

ನಡುವಿನ ತಿಂಗಳುಗಳಿಗಾಗಿ ಎರಡು ಕಡೆ ಹುಡುಕಿದೆ. ಕಂಪನಿ ಆಸ್ತಿ ಒತ್ತೆ ಇಟ್ಟು ಸಾಲ ತೆಗೆದರೆ ಅದನ್ನು ಅದೇ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅಲ್ಲಿ ಸೆಪ್ಟೆಂಬರ್‌ನಲ್ಲಿ ಎರಡು ಹೊಸ ಸಾಲ ಕಂಡವು. ಬ್ಯಾಲೆನ್ಸ್ ಶೀಟ್‌ನಲ್ಲಿ ಅವು ಇಲ್ಲವೇ ಇಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಂಬರ್ ಹಾಕಿದರೆ ರಿಟರ್ನ್ ಸಲ್ಲಿಸಿದ ತಾರೀಖುಗಳು ಯಾರಿಗಾದರೂ ಕಾಣುತ್ತವೆ. ಕೊನೆಯ ಎರಡು ತಿಂಗಳ 3ಬಿ, ಅಂದರೆ ತೆರಿಗೆ ಕಟ್ಟುವ ರಿಟರ್ನ್, ಸಲ್ಲಿಸಿರಲಿಲ್ಲ.

"ಕಾಕಾ, ದುಡ್ಡು ಕೈಗೆ ಬಂದ ಮೇಲೆ ಲಾರಿ ಬಿಡ್ರಿ" ಎಂದೆ. ಅವರು ಹಾಗೇ ಮಾಡಿದರು. ಎರಡು ಲಾರಿ ಮಾಲು ನಗದಿಗೆ ಹೋಯಿತು. ಮೂರನೆಯದನ್ನು ಆ ಕಂಪನಿ ಕೇಳಲಿಲ್ಲ.

ಈ ಎಚ್ಚರ ನನಗೆ ಸುಮ್ನೆ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಅವಸರದಲ್ಲಿ, ಪುಕ್ಕಟೆ ಸಿಗುವ ಒಂದು ಸೈಟಿನಿಂದ ಅಂಕಿ ಎತ್ತಿಕೊಂಡು ಬೇರೊಂದು ಕಂಪನಿಯ ಬಗ್ಗೆ ವರದಿ ಬರೆದಿದ್ದೆ. ಆ ಕಂಪನಿ ತನ್ನ ಸೋದರ ಕಂಪನಿಯ ದೊಡ್ಡ ಸಾಲಕ್ಕೆ ಗ್ಯಾರಂಟಿ ನಿಂತಿತ್ತು. ಅದು ಮೂಲ ವರದಿಯ ಟಿಪ್ಪಣಿಯಲ್ಲಿತ್ತು, ಆ ಸೈಟಿನಲ್ಲಿ ಇರಲಿಲ್ಲ. ನನ್ನ ಮಾತು ನಂಬಿ ಮಾಲು ಕೊಟ್ಟವರಿಗೆ ದುಡ್ಡು ಬರಲು ಒಂದೂವರೆ ವರ್ಷ ಹಿಡಿಯಿತು. ಅವರ ಮುಖ ಈಗಲೂ ಕಣ್ಮುಂದೆ ಬರುತ್ತದೆ. ಅಂದಿನಿಂದ ಮೂಲ ಕಾಗದ ನೋಡದೆ ಒಂದು ಅಂಕಿಯನ್ನೂ ಬರೆದಿಲ್ಲ. ಪ್ರತಿ ಅಂಕಿಯ ಪಕ್ಕ ಅದರ ತಾರೀಖು ಬರೆಯುತ್ತೇನೆ.

ಮೂಲ ಕಾಗದವೇ ಸುಳ್ಳಾದರೆ? ಪಕ್ಕದ ಹೈದರಾಬಾದಿನ ಸತ್ಯಂ ಎಂಬ ಐಟಿ ಕಂಪನಿಯಲ್ಲಿ ಆದದ್ದು ಅದೇ. ಬ್ಯಾಂಕಿನಲ್ಲಿ ಇದೆ ಎಂದು ತೋರಿಸಿದ್ದ ಸಾವಿರಾರು ಕೋಟಿ ಇರಲೇ ಇಲ್ಲ ಎಂದು 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಪತ್ರ ಬರೆದು ಒಪ್ಪಿಕೊಂಡರು. ಅದಕ್ಕೇ ನಾನು ಒಂದೇ ಕಾಗದದ ಮೇಲೆ ನಿಲ್ಲುವುದಿಲ್ಲ.

ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆ ನಡೆಸುವ ದೊಡ್ಡ ಕಂಪನಿಗಳು ಷೇರುಪೇಟೆಯಲ್ಲಿವೆ. ಅವುಗಳ ಲೆಕ್ಕ ಮೂರು ತಿಂಗಳಿಗೊಮ್ಮೆ ಇಲ್ಲೇ ಕೂತು ಓದಬಹುದು. ಎದುರು ರಸ್ತೆಯ ಮಿಲ್ಲಿನ ಲೆಕ್ಕ ಮಾತ್ರ ಸಿಗುವುದಿಲ್ಲ. ಗಂಜ್‌ನ ಹೆಚ್ಚಿನ ಅಂಗಡಿಗಳು ಒಬ್ಬರದ್ದು, ಇಲ್ಲವೇ ಪಾಲುದಾರಿಕೆಯವು. ಅವರ ಬ್ಯಾಲೆನ್ಸ್ ಶೀಟ್ ಯಾವ ಪೋರ್ಟಲ್‌ನಲ್ಲೂ ಇರುವುದಿಲ್ಲ. ಜಿಎಸ್‌ಟಿ ತಾರೀಖು ನೋಡಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ ಗಂಜ್‌ಗೆ ನಡೆದು ಹೋಗುತ್ತೇನೆ. ಈ ವಾರ ಎಷ್ಟು ಲಾರಿ ತೂಕವಾಯಿತು, ಹಮಾಲರ ಕೂಲಿ ಶನಿವಾರ ಸಿಕ್ಕಿತಾ, ಚಹಾ ಕುಡಿಯುತ್ತಾ ಅವರನ್ನೇ ಕೇಳುತ್ತೇನೆ.