ನೀರಿಳಿದಾಗ ನೋಡಿಟ್ಕೊಂಡ ಜಾಗ

ನಮ್ಮೂರು ಮಂಡ್ಯ ಕಡೆ, ಚಿಕ್ಕಂದಿನಿಂದ ಊರ ಕೆರೇಲೇ ಗಾಳ ಹಾಕಿ ಬೆಳೆದೋನು ನಾನು, ತೂಬಿನ ಹತ್ರ ಜಿಲೇಬಿ ಮೀನು, ಜೊಂಡಿನ ಪಕ್ಕ ಕೊರಮೀನು ಅಂತ ಕಣ್ಮುಚ್ಕೊಂಡು ಹೇಳ್ತಿದ್ದೆ. ಮದುವೆ ಆದ್ಮೇಲೆ ಸಾಗರದ ಕಡೆ ಹೆಂಡತಿ ಊರಿಗೆ ಹೋದಾಗ ಲಿಂಗನಮಕ್ಕಿ ಹಿನ್ನೀರು ನೋಡಿ ಎಲ್ಲಿ ಕೂರೋದು ಅಂತಾನೇ ತಿಳೀಲಿಲ್ಲ, ಅಷ್ಟು ನೀರು. ಎರಡು ದಿನ ಕೂತೆ, ಹಾಕಿದ ಎರೆಹುಳ ಹಂಗೇ ವಾಪಸ್ ಬರ್ತಿತ್ತು.

ಅವಳ ಚಿಕ್ಕಪ್ಪ ನೋಡಿ, "ಬೇಸಿಗೇಲಿ ನೀರಿಳಿದಾಗ ಒಂದ್ಸಲ ಬನ್ನಿ ಮಾರಾಯ್ರೆ, ಕೆಳಗೇನಿದೆ ನೋಡ್ಕೊಳ್ಳಿ" ಅಂದ್ರು. 1964ರಲ್ಲಿ ಡ್ಯಾಮ್ ಆದಾಗ ಕಾಡು, ಗದ್ದೆ, ದಾರಿ ಎಲ್ಲ ಮುಳುಗಿದ ಜಾಗ ಅದು. ಮೇ ತಿಂಗಳಲ್ಲಿ ಹೋದ್ರೆ ಮರದ ಬೊಡ್ಡೆಗಳು, ಗದ್ದೆ ಬದು, ಹಳೇ ಹಳ್ಳ ಬಾಗಿ ಬಾಗಿ ಹೋಗಿರೋದು ಎಲ್ಲ ಕಣ್ಮುಂದೆ ಕಾಣ್ತಿತ್ತು. ಫೋನಲ್ಲಿ ಫೋಟೋ ತಗೊಂಡೆ, ಪ್ರತಿ ಫೋಟೋದಲ್ಲೂ ದಡದ ಮೇಲಿನ ಒಂದು ದೊಡ್ಡ ಮರನೋ ಬಂಡೆನೋ ಬರೋ ಹಂಗೆ ನೋಡ್ಕೊಂಡೆ, ಇದು ತುಂಬಾ ಮುಖ್ಯ, ಇಲ್ಲಾಂದ್ರೆ ನೀರು ತುಂಬಿದ್ಮೇಲೆ ಆ ಜಾಗ ಸಿಗೋದೇ ಇಲ್ಲ.

ಜನವರೀಲಿ ಮತ್ತೆ ಹೋದಾಗ ಮೊದಲ ಒಂದು ಗಂಟೆ ಗಾಳ ಮುಟ್ಲಿಲ್ಲ. ನೀರುಕಾಗೆ ಎಲ್ಲಿ ಮುಳುಗ್ತಿದೆ, ಗುಳ್ಳೆ ಎಲ್ಲಿ ಏಳ್ತಿದೆ, ಗಾಳಿ ಯಾವ ದಡಕ್ಕೆ ಹೊಡೀತಿದೆ ಅಂತ ನೋಡ್ತಾ ಕೂತೆ, ಗಾಳಿ ತಳ್ಳೋ ದಡಕ್ಕೆ ಹುಳ, ಕಸ ಬಂದು ಸೇರುತ್ತೆ, ಅದರ ಹಿಂದೆ ಮೀನೂ ಬರುತ್ತೆ. ಆಮೇಲೆ ಕೊಕ್ಕೆಗೆ ಸೀಸದ ತುಂಡು ಸಿಕ್ಕಿಸಿ ಬಿಟ್ಟು, ದಾರದಲ್ಲಿರೋ ತೇಲೋ ಬೆಂಡು ನೀರ ಮಟ್ಟಕ್ಕೆ ಸರಿಯಾಗಿ ನಿಲ್ಲೋ ತನಕ ಅದನ್ನ ಮೇಲೆ ಕೆಳಗೆ ಸರಿಸ್ತಾ ಆಳ ಅಳೆದೆ. ಹಳೇ ಹಳ್ಳದ ಅಂಚಲ್ಲಿ ನಾಲ್ಕಡಿ ಇದ್ದಿದ್ದು ಒಂದೇ ಸಲ ಹತ್ತಡಿ ಆಯ್ತು, ಫೋಟೋದಲ್ಲಿದ್ದ ಬೊಡ್ಡೆ ಪಕ್ಕದಲ್ಲೇ. ಗೋದಿ ಹಿಟ್ಟಿಗೆ ಕಡಲೆಕಾಯಿ ಹಿಂಡಿ ಕಲಸಿ ಉಂಡೆ ಮಾಡಿ ಅಂಚಿಗೆ ಬಿಟ್ಟೆ, ಬೊಡ್ಡೆ ಒಳಕ್ಕೆ ಬಿಟ್ರೆ ದಾರ ಸಿಕ್ಕಾಕೊಳ್ಳುತ್ತೆ, ಎರಡು ಮೊಳ ಈಚೆ ಇರ್ಬೇಕು. ಬೆಳಗ್ಗೆ ಒಂಬತ್ತರೊಳಗೆ ಎರಡು ರೋಹು ಬಂತು, ದೊಡ್ಡದು ಒಂದೂವರೆ ಕೆಜಿ!

ಶರಾವತಿ ಕಣಿವೆ ಅಭಯಾರಣ್ಯ ಹತ್ರಾನೇ ಇದೆ, ಅದರ ಗಡಿಯೊಳಗೆ ದಯವಿಟ್ಟು ಗಾಳ ಹಾಕ್ಬೇಡಿ, ಗಡಿ ಎಲ್ಲಿದೆ ಅಂತ ಊರವರನ್ನ ಕೇಳಿ. ಕೆಂಪಗಿನ ಮರಿಗಳ ಗುಂಪು ನೀರ ಮೇಲೆ ಕಂಡ್ರೆ ಕೆಳಗೆ ತಾಯಿ ತಂದೆ ಕೊರಮೀನು ಕಾಯ್ತಿರುತ್ತೆ, ಅದನ್ನ ಹಿಡಿದ್ರೆ ಅಷ್ಟೂ ಮರಿ ಬೇರೆ ಮೀನಿನ ಬಾಯಿಗೆ ಹೋಗುತ್ತೆ. ನಾನಂತೂ ಅಂಥ ಜಾಗ ಬಿಟ್ಟು ಮುಂದೆ ಹೋಗ್ತೀನಿ.

ಈ ಮೇನಲ್ಲೂ ಹೋಗಿ ಬಂದೆ. ಆ ಬೊಡ್ಡೆ ಹಂಗೇ ಇದೆ, ಪಕ್ಕದಲ್ಲಿ ಮಣ್ಣು ಕೊರೆದು ಹೊಸದೊಂದು ಗುಂಡಿ ಆಗಿದೆ, ಅದರ ಫೋಟೋನೂ ತಗೊಂಡಿದ್ದೀನಿ.