ಲುಗಾವ್ ಗಂಜಿ ನೀರಾಗಬಾರದು: ಮನಿಲಾದ ಚರ್ಚ್ ಊಟದ ಮನೆಯಲ್ಲಿ ಮಕ್ಕಳ ಸೇವೆಗೆ ಹೋಗುವವರಿಗೆ

ಫಿಲಿಪೀನ್ಸ್‌ನ ಮನಿಲಾ, ಕೆಸೋನ್ ಸಿಟಿಗಳ ಬಡ ಬಡಾವಣೆಗಳಲ್ಲಿ ಹಲವು ಕ್ಯಾಥೊಲಿಕ್ ಪ್ಯಾರಿಷ್‌ಗಳು, ಅಂದರೆ ಚರ್ಚಿನ ಸ್ಥಳೀಯ ಘಟಕಗಳು, ಮಕ್ಕಳಿಗೆ ದಿನಕ್ಕೆ ಒಂದು ಹೊತ್ತು ಊಟ ಹಾಕುತ್ತವೆ. ಊಟ ನಡೆಯುವ ಜಾಗ ಸಾಮಾನ್ಯವಾಗಿ ದೊಡ್ಡ ಚರ್ಚಲ್ಲ. ಗಲ್ಲಿಯೊಳಗೆ ತಗಡಿನ ಸೂರಿನ ಒಂದು ಸಣ್ಣ ಪ್ರಾರ್ಥನಾ ಮಂದಿರ ಇರುತ್ತದೆ, ಅದನ್ನು ಅಲ್ಲಿ ಕಪಿಲ್ಯ ಅನ್ನುತ್ತಾರೆ. ಭಾನುವಾರ ಪೂಜೆಗೆ ಹಾಕುವ ಬೆಂಚುಗಳೇ ವಾರದ ದಿನ ಊಟದ ಪಂಕ್ತಿ. ಅಡುಗೆಗೆ ನಿಲ್ಲುವವರು ಆ ಮಕ್ಕಳ ತಾಯಂದಿರೇ, ಸರದಿಯ ಮೇಲೆ. ಅವರನ್ನು ಎಲ್ಲರೂ ನಾನಾಯ್, ಅಂದರೆ ಅಮ್ಮ, ಎಂದು ಕರೆಯುತ್ತಾರೆ. ಹೊರಗಿನಿಂದ ಹೋದವರು ಅವರ ಕೈಕೆಳಗೆ ಕೆಲಸ ಮಾಡಬೇಕು. ಸೌಟು ಕಿತ್ತುಕೊಳ್ಳಬೇಡಿ, ಈರುಳ್ಳಿ ಹೆಚ್ಚಿ, ಸೊಪ್ಪು ಬಿಡಿಸಿ, ಬಟ್ಟಲು ತೊಳೆಯಿರಿ, ಮಕ್ಕಳ ಕೈ ತೊಳೆಸಿ.

ಫಿಲಿಪೀನ್ಸ್‌ನ 2018ರ ಕಾನೂನೊಂದು ಸರ್ಕಾರಿ ಶಾಲೆ, ಡೇಕೇರ್‌ಗಳ ಅಪೌಷ್ಟಿಕ ಮಕ್ಕಳಿಗೆ ವರ್ಷಕ್ಕೆ ಕನಿಷ್ಠ 120 ದಿನ ಊಟ ಕೊಡಬೇಕು ಎನ್ನುತ್ತದೆ. ಅಷ್ಟು ದಿನ ಬಿಡದೆ ಉಂಡರೆ ಮಾತ್ರ ಮಗುವಿನ ಮೈ ತುಂಬಿಕೊಳ್ಳುತ್ತದೆ. ಒಂದು ಶನಿವಾರ ಬಂದು ಐನೂರು ಮಕ್ಕಳಿಗೆ ಬಡಿಸಿ ಫೋಟೊ ತೆಗೆಸಿಕೊಂಡು ಹೋಗುವುದರಿಂದ ಯಾವ ಮಗುವಿನ ತೂಕವೂ ಏರುವುದಿಲ್ಲ. ಹೋಗುವುದಾದರೆ ಕನಿಷ್ಠ ಒಂದು ತಿಂಗಳಿಗೆ ಹೋಗಿ. ಪ್ರವಾಸದ ವೀಸಾದಲ್ಲಿ ಈ ಕೆಲಸ ಮಾಡಬಹುದೇ ಎಂಬುದನ್ನು ಪ್ಯಾರಿಷ್ ಮೂಲಕ ವಲಸೆ ಇಲಾಖೆಯಲ್ಲಿ ವಿಚಾರಿಸಿಕೊಂಡೇ ಟಿಕೆಟ್ ತೆಗೆಯಿರಿ.

ಮೊದಲು ತಿಳಿಯಬೇಕಾದ ಕಾನೂನು

ಮಕ್ಕಳ ರಕ್ಷಣೆಗೆಂದು 1992ರಲ್ಲಿ ಬಂದ 7610ನೇ ಸಂಖ್ಯೆಯ ಕಾಯ್ದೆ ಅಲ್ಲಿದೆ. ಹನ್ನೆರಡು ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನ ಮಗುವನ್ನು, ಇಲ್ಲವೇ ತಮಗಿಂತ ಹತ್ತು ವರ್ಷ ಅಥವಾ ಹೆಚ್ಚು ಕಿರಿಯರಾದ ಅಪ್ರಾಪ್ತರನ್ನು, ಸಂಬಂಧಿಕರಲ್ಲದ ದೊಡ್ಡವರು ಹೋಟೆಲ್, ಬೀಚ್, ರೆಸಾರ್ಟ್‌ನಂಥ ಕಡೆ ತಮ್ಮ ಜೊತೆ ಇಟ್ಟುಕೊಳ್ಳುವುದೇ ಅದರ ಪ್ರಕಾರ ಅಪರಾಧವಾಗಬಹುದು. "ಪಾಪ, ಒಂದು ಐಸ್‌ಕ್ರೀಮ್ ಕೊಡಿಸಿಕೊಂಡು ಬರೋಣ" ಎಂದು ಮಗುವನ್ನು ಕರೆದುಕೊಂಡು ಮಾಲ್‌ಗೆ ಹೊರಡಬೇಡಿ, ತಾಯಿ ಒಪ್ಪಿದರೂ ಬೇಡ. ಇನ್ನೊಬ್ಬ ದೊಡ್ಡವರ ಕಣ್ಣಿಗೆ ಕಾಣದ ಜಾಗದಲ್ಲಿ ಮಗುವಿನ ಜೊತೆ ಒಬ್ಬರೇ ಇರಬೇಡಿ. ಪುಟ್ಟ ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ಯುವುದು ನಾನಾಯ್‌ಗಳ ಕೆಲಸ. ಮುಖ ಕಾಣುವ ಫೋಟೊ ತೆಗೆಯಬೇಡಿ. ಕೈಯಿಂದ ಕೈಗೆ ದುಡ್ಡು, ಚಾಕಲೇಟು ಕೊಡಬೇಡಿ. ಕೊಡಲೇಬೇಕು ಅನ್ನಿಸಿದರೆ ಪ್ಯಾರಿಷ್‌ಗೆ ಅಕ್ಕಿ ಮೂಟೆ ಕೊಡಿಸಿ.

ಗಂಜಿಯ ಲೆಕ್ಕ

ಲುಗಾವ್ ಅಂದರೆ ಅಕ್ಕಿ ಗಂಜಿ. ಅದಕ್ಕೆ ಶುಂಠಿ, ಕೋಳಿ ಬಿದ್ದರೆ ಅರೋಸ್ ಕಾಲ್ದೊ. ಅಗ್ಗ, ಮಕ್ಕಳಿಗೆ ಇಷ್ಟ, ಒಂದೇ ಪಾತ್ರೆಯಲ್ಲಿ ಆಗುತ್ತದೆ. ಆದರೆ ಈ ಕಾರ್ಯಕ್ರಮಗಳು ಸೋಲುವುದೂ ಈ ಪಾತ್ರೆಯಲ್ಲೇ. ನೂರು ಮಕ್ಕಳಿಗೆ ಮೂರು ಕೆಜಿ ಅಕ್ಕಿ ಹಾಕಿ ಮೂವತ್ತು ಲೀಟರ್ ಮಾಡಿದರೆ ತಲೆಗೆ ಬೀಳುವುದು 30 ಗ್ರಾಂ ಅಕ್ಕಿ, ಅಂದರೆ ನೂರರ ಆಸುಪಾಸಿನ ಕ್ಯಾಲರಿ. ಬಟ್ಟಲು ತುಂಬಿರುತ್ತದೆ, ಮಗುವಿನ ಹೊಟ್ಟೆಯೂ ತುಂಬುತ್ತದೆ, ನೀರಿನಿಂದ. ಒಂದು ಗಂಟೆ ಕಳೆದರೆ ಮತ್ತೆ ಹಸಿವು. ತಿಂಗಳ ಕೊನೆಗೆ ತೂಕ ನೋಡಿದರೆ ಮುಳ್ಳು ಅಲ್ಲೇ ನಿಂತಿರುತ್ತದೆ.

ನೂರು ಮಕ್ಕಳಿಗೆ, ತಲೆಗೆ ಸುಮಾರು 300 ಮಿಲಿಯಂತೆ, ಈ ಅಳತೆ ಹಿಡಿಯಿರಿ:

ಅಕ್ಕಿ 5 ಕೆಜಿ
ಮೊಂಗ್ಗೊ, ಅಂದರೆ ನಮ್ಮ ಹೆಸರುಕಾಳು, 1.5 ಕೆಜಿ
ಮೂಳೆ ಸಹಿತ ಕೋಳಿ 3 ಕೆಜಿ
ಮೊಟ್ಟೆ 50
ಅಡುಗೆ ಎಣ್ಣೆ 700 ಮಿಲಿ
ಶುಂಠಿ 300 ಗ್ರಾಂ, ಬೆಳ್ಳುಳ್ಳಿ 250 ಗ್ರಾಂ, ಈರುಳ್ಳಿ 1 ಕೆಜಿ
ಬಿಡಿಸಿದ ಮಲುಂಗ್ಗಾಯ್ ಸೊಪ್ಪು 1 ಕೆಜಿ
ಅಯೋಡಿನ್ ಉಪ್ಪು 100 ಗ್ರಾಂ, ಪತಿಸ್ ಎಂಬ ಮೀನಿನ ರಸ ಅರ್ಧ ಲೋಟ
ನೀರು 28ರಿಂದ 30 ಲೀಟರ್

ಇದರಲ್ಲಿ ಒಂದು ಬಟ್ಟಲಿಗೆ ಸುಮಾರು 350 ಕ್ಯಾಲರಿ ಬರುತ್ತದೆ. ಎಣ್ಣೆ ಜಾಸ್ತಿಯಾಯಿತು ಅನ್ನಿಸಿದರೆ ಕಡಿಮೆ ಮಾಡಬೇಡಿ. ಸಣ್ಣ ಹೊಟ್ಟೆಗೆ ಹೆಚ್ಚು ಶಕ್ತಿ ಸೇರಿಸಲು ಎಣ್ಣೆಗಿಂತ ಸುಲಭದ ದಾರಿ ಇಲ್ಲ. ತಲೆಗೆ ಬೀಳುವುದು ಒಂದೂವರೆ ಟೀ ಚಮಚದಷ್ಟೇ. ಇನ್ನೊಂದು ವಿಷಯ: ಮಲಗ್ಕಿತ್ ಎಂಬ ಅಂಟಕ್ಕಿ ಬೆರೆಸಿದರೆ ಕಡಿಮೆ ಅಕ್ಕಿಯಲ್ಲೇ ಗಂಜಿ ದಪ್ಪ ಕಾಣುತ್ತದೆ. ರುಚಿಗೆ ಒಂದು ಕೆಜಿ ಬೆರೆಸುವುದು ಸರಿ, ಆದರೆ ಒಟ್ಟು ಅಕ್ಕಿ ಐದು ಕೆಜಿಗಿಂತ ಕೆಳಗೆ ಇಳಿಯಬಾರದು. ಕಣ್ಣಳತೆ ಮೋಸ ಮಾಡುತ್ತದೆ, ತಕ್ಕಡಿ ಮಾಡುವುದಿಲ್ಲ.

ಬೇಯಿಸುವ ಬಗೆ

ಮನಿಲಾದ ಹಲವು ಶಾಲೆಗಳು ಬೆಳಗ್ಗೆ, ಮಧ್ಯಾಹ್ನ ಎಂದು ಎರಡು ಪಾಳಿಯಲ್ಲಿ ನಡೆಯುತ್ತವೆ. ಹಾಗಾಗಿ ಹನ್ನೊಂದಕ್ಕೆ ಮಧ್ಯಾಹ್ನದ ಪಾಳಿಗೆ ಹೋಗುವ ಮಕ್ಕಳು, ಹನ್ನೆರಡೂವರೆಗೆ ಬೆಳಗಿನ ಪಾಳಿ ಮುಗಿಸಿ ಬಂದವರು. ಹನ್ನೊಂದರ ಪಂಕ್ತಿಗೆ ಎಂಟು ಗಂಟೆಗೆ ಒಲೆ ಹೊತ್ತಬೇಕು. 50 ಲೀಟರಿನ ಕಲ್ದೇರೊ, ಅಂದರೆ ದೊಡ್ಡ ಅಲ್ಯುಮಿನಿಯಂ ಪಾತ್ರೆ, ಬೇಕು. 40 ಲೀಟರಿನದಾದರೆ ಕಲಕುವಾಗ ಚೆಲ್ಲುತ್ತದೆ.

ಮೊಂಗ್ಗೊವನ್ನು ರಾತ್ರಿಯೇ ನೆನೆಹಾಕಿ, ಬೇರೆ ಪಾತ್ರೆಯಲ್ಲಿ ಸಿಪ್ಪೆ ಬಿರಿಯುವವರೆಗೆ ಮುಕ್ಕಾಲು ಗಂಟೆ ಬೇಯಿಸಿ. ಅಕ್ಕಿಯ ಜೊತೆಗೇ ಹಾಕಿದರೆ ಕಾಳು ಮೆತ್ತಗಾಗುವ ಮೊದಲು ಅಕ್ಕಿ ತಳ ಹಿಡಿಯುತ್ತದೆ. ದೊಡ್ಡ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ, ಕೋಳಿ ಹಾಕಿ ಬಣ್ಣ ತಿರುಗುವವರೆಗೆ ಹುರಿದು, ಪತಿಸ್ ಸುರಿಯಿರಿ. ತೊಳೆದ ಅಕ್ಕಿ ಹಾಕಿ ಎರಡು ನಿಮಿಷ ತಿರುವಿ. ಆಮೇಲೆ 24 ಲೀಟರ್ ಬಿಸಿನೀರು. ಉಳಿದ ನೀರನ್ನು ಪಕ್ಕದ ಒಲೆಯಲ್ಲಿ ಕುದಿಯುತ್ತಲೇ ಇಟ್ಟಿರಿ, ಗಂಜಿ ಗಟ್ಟಿಯಾದ ಹಾಗೆ ಅದನ್ನೇ ಸೇರಿಸಬೇಕು. ತಣ್ಣೀರು ಸೇರಿಸಿದರೆ ಕುದಿ ನಿಂತುಹೋಗುತ್ತದೆ, ಅಕ್ಕಿ ತಳಕ್ಕೆ ಕೂರುತ್ತದೆ.

ಕುದಿ ಬರುವವರೆಗಿನ ಅರ್ಧ ಗಂಟೆಯೇ ಅಪಾಯದ ಹೊತ್ತು. ಅಕ್ಕಿ ಇನ್ನೂ ಭಾರ, ನೀರು ಇನ್ನೂ ಅಲುಗಿಲ್ಲ, ಕೆಳಗೆ ಬೆಂಕಿ ಜೋರು. ಉದ್ದನೆಯ ಮರದ ಹುಟ್ಟಿನಿಂದ ತಳ ಕೆರೆಯುವಂತೆ ಕಲಕುತ್ತಿರಬೇಕು. ಕುದಿ ಬಂದ ಮೇಲೆ ಉರಿ ತಗ್ಗಿಸಿ, ಐದೈದು ನಿಮಿಷಕ್ಕೆ ಕಲಕಿದರೆ ಸಾಕು, ನಲವತ್ತು ನಿಮಿಷಕ್ಕೆ ಅಕ್ಕಿ ಅರಳುತ್ತದೆ. ತಳ ಹಿಡಿದ ವಾಸನೆ ಬಂದರೆ ಕೆರೆಯಲು ಹೋಗಬೇಡಿ. ಬೆಂಕಿ ಆರಿಸಿ, ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಸೀದ ಪದರವನ್ನು ಅಲ್ಲೇ ಬಿಡಿ. ಒಂದು ಸಲ ಕೆರೆದರೆ ಮೂವತ್ತು ಲೀಟರೂ ಕಮಟು.

ಅಕ್ಕಿ ಬೆಂದ ಮೇಲೆ ಕೋಳಿ ತುಂಡುಗಳನ್ನು ಹೊರತೆಗೆದು, ಮೂಳೆ ಬೇರ್ಪಡಿಸಿ, ಎಳೆ ಎಳೆಯಾಗಿ ಬಿಡಿಸಿ ಮತ್ತೆ ಹಾಕಿ. ಕತ್ತು, ಬೆನ್ನಿನ ಸಣ್ಣ ಮೂಳೆಗಳು ಗಂಜಿಯಲ್ಲಿ ಕಾಣುವುದಿಲ್ಲ, ಮೂರು ವರ್ಷದ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಇದಕ್ಕೆ ಇಬ್ಬರು ಕೂರಬೇಕು, ಅವಸರ ಮಾಡಬಾರದು. ಆಮೇಲೆ ಮೊಂಗ್ಗೊ, ಉಪ್ಪು. ಕಲಮಾನ್ಸಿ ಎಂಬ ಪುಟ್ಟ ನಿಂಬೆಯನ್ನು ಪಾತ್ರೆಗೆ ಹಿಂಡಬೇಡಿ, ಬಟ್ಟಲಿಗೆ ಹಿಂಡಿ.

ಮಲುಂಗ್ಗಾಯ್ ನಮ್ಮ ನುಗ್ಗೆ ಸೊಪ್ಪೇ. ಹಲವು ಮನೆಗಳ ಬೇಲಿಯಲ್ಲಿ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಬಿಡಿಸುವುದು ತಲೆನೋವು ಅನ್ನಿಸಿದರೆ ಊರಿನ ಉಪಾಯವನ್ನೇ ಮಾಡಿ: ಸಂಜೆಯೇ ಟಿಸಿಲುಗಳನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಬೆಳಗ್ಗೆ ಕೊಡವಿದಾಗ ಎಲೆ ತಾನಾಗಿ ಉದುರುತ್ತದೆ. ಕಡ್ಡಿ ಉಳಿಯದಂತೆ ಒಮ್ಮೆ ಕೈಯಾಡಿಸಿ. ಕೊನೆಯ ಎರಡು ಮೂರು ನಿಮಿಷಕ್ಕೆ ಹಾಕಿ, ಮುಚ್ಚಿ, ಒಲೆ ಆರಿಸಿ. ಹೆಚ್ಚು ಬೆಂದರೆ ಕಹಿಯಾಗುತ್ತದೆ, ಮಕ್ಕಳು ಎಲೆಗಳನ್ನೆಲ್ಲ ಆರಿಸಿ ಬಟ್ಟಲಿನ ಅಂಚಿಗೆ ಅಂಟಿಸುತ್ತಾರೆ.

ಸಸ್ಯಾಹಾರಿಗಳಿಗೆ ಒಂದು ಮಾತು. "ಮಾಂಸ ತಿನ್ನಲ್ಲ" ಎಂದಷ್ಟೇ ಹೇಳಿದರೆ ಅಲ್ಲಿನವರು ಮಾಂಸ ಬಿಟ್ಟು ಪತಿಸ್ ಹಾಕಿ ಕೊಡುತ್ತಾರೆ, ಪ್ರೀತಿಯಿಂದಲೇ. ಮೀನಿನ ರಸವೂ ಬೇಡ ಎಂದು ಮೊದಲೇ ಬಿಡಿಸಿ ಹೇಳಿ, ಹೆಸರುಕಾಳಿನ ಪಾತ್ರೆಯ ಜವಾಬ್ದಾರಿ ವಹಿಸಿಕೊಳ್ಳಿ. ಮಕ್ಕಳ ಪಾಲಿನ ಕೋಳಿ, ಮೊಟ್ಟೆ ಕಡಿಮೆ ಮಾಡಿಸುವ ಮಾತು ಮಾತ್ರ ಎತ್ತಬೇಡಿ.

ಪಂಕ್ತಿ

ನಿಮ್ಮನ್ನು ಮಕ್ಕಳು ಆತೆ ಎಂದು ಕರೆದರೆ ಅತ್ತೆ ಅಂದುಕೊಳ್ಳಬೇಡಿ, ಅದು ಅಕ್ಕ. ಗಂಡಸರಾದರೆ ಕುಯಾ, ಅಣ್ಣ. ಮಗು ನಿಮ್ಮ ಕೈಬೆನ್ನನ್ನು ಹಿಡಿದು ಹಣೆಗೆ ಒತ್ತಿಕೊಂಡರೆ ಅದು ಮಾನೊ, ಹಿರಿಯರಿಗೆ ಮಾಡುವ ನಮಸ್ಕಾರ. ಕೈ ಎಳೆದುಕೊಳ್ಳದೆ ಸಡಿಲ ಬಿಡಿ. ಮಕ್ಕಳು ಹುಬ್ಬು ಮೇಲಕ್ಕೆತ್ತಿದರೆ ಹೌದು ಎಂದರ್ಥ. ನಾವು ಹೌದು ಅನ್ನಲು ತಲೆ ಅಲ್ಲಾಡಿಸುವುದು ಅವರಿಗೆ ಬೇಡ ಅಂದಂತೆ ಕಾಣುತ್ತದೆ, ಬಾಯಲ್ಲಿ ಓ-ಓ, ದೊಡ್ಡವರಿಗಾದರೆ ಓಪೊ, ಅನ್ನುವುದು ಒಳ್ಳೆಯದು. ಕುಮಾಯಿನ್ ಕಾ ನಾ, ಊಟ ಆಯ್ತಾ, ಎಂಬುದು ಅಲ್ಲೂ ನಮ್ಮಲ್ಲಿಯಂತೆಯೇ ಕುಶಲ ಕೇಳುವ ಮಾತು. ಹಸಿದ ಮಗುವೂ ಸಂಕೋಚಕ್ಕೆ ಆಯ್ತು ಅನ್ನುತ್ತದೆ. ಉತ್ತರ ನಂಬದೆ ಬಟ್ಟಲು ಇಡಿ.

ಮೊದಲು ಕೈ. ನಲ್ಲಿಯಿರುವ ಡ್ರಮ್ ಇಲ್ಲದಿದ್ದರೆ ಒಬ್ಬರು ತಾಬೊ, ಅಂದರೆ ಹಿಡಿಯಿರುವ ಮಗ್ಗು, ಹಿಡಿದು ನೀರು ಹೊಯ್ಯಬೇಕು. ಮಕ್ಕಳೇ ಬಕೆಟ್‌ಗೆ ಕೈ ಅದ್ದಿದರೆ ಹತ್ತನೆಯ ಮಗುವಿಗೆ ಸಿಗುವುದು ಒಂಬತ್ತು ಮಕ್ಕಳ ಕೊಳೆ. ಸೋಪನ್ನು ಬಲೆಯ ಚೀಲದಲ್ಲಿ ಕಟ್ಟಿ ನೇತುಹಾಕಿ, ನೆಲಕ್ಕೆ ಬೀಳುವುದಿಲ್ಲ, ಕಳೆದುಹೋಗುವುದಿಲ್ಲ.

ಬಟ್ಟಲು ಹಿಡಿದು ಸಾಲು ನಿಲ್ಲಿಸುವ ಪದ್ಧತಿ ಇದ್ದರೆ ನಾನಾಯ್‌ಗಳ ಜೊತೆ ಕೂತು ಮಾತಾಡಿ ಬದಲಿಸಿ. ಒಲೆಯಿಂದ ಈಗಷ್ಟೇ ಇಳಿದ ಗಂಜಿ ಮೈಗೆ ಅಂಟಿಕೊಂಡು ಸುಡುತ್ತದೆ, ನೀರಿಗಿಂತ ಕೆಟ್ಟದಾಗಿ. ಮಕ್ಕಳನ್ನು ಕೂರಿಸಿ, ಬಟ್ಟಲನ್ನು ಅವರ ಮುಂದೆ ತಂದಿಡಿ. ಹತ್ತು ನಿಮಿಷ ಮೊದಲೇ ಬಟ್ಟಲುಗಳಿಗೆ ಬಡಿಸಿ ಮೇಜಿನ ಮೇಲೆ ಹರಡಿಟ್ಟರೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಹದಕ್ಕೆ ಬಂದಿರುತ್ತದೆ. ಮಾಇನಿತ್ ಅಂದರೆ ಬಿಸಿ, ದಾಹನ್-ದಾಹನ್ ಅಂದರೆ ನಿಧಾನ. ಈ ಎರಡು ಮಾತು ದಿನಕ್ಕೆ ನೂರು ಸಲ ಬೇಕಾಗುತ್ತದೆ. ಶಿಲುಬೆಯ ಗುರುತು ಮಾಡುವುದು ನಿಮ್ಮ ಸಂಪ್ರದಾಯವಲ್ಲದಿದ್ದರೆ ಕೈಕಟ್ಟಿ ಸುಮ್ಮನೆ ನಿಂತರಾಯಿತು.

ಇನ್ನು ಸೌಟು. ಕಾಳು, ಕೋಳಿ ಎರಡೂ ತಳಕ್ಕೆ ಇಳಿಯುತ್ತವೆ. ಮೇಲಿನಿಂದಲೇ ತೋಡಿ ಬಡಿಸಿದರೆ ಮೊದಲ ಐವತ್ತು ಮಕ್ಕಳಿಗೆ ತಿಳಿ, ಕೊನೆಯವರಿಗೆ ಮುದ್ದೆ. ಪ್ರತಿ ಬಟ್ಟಲಿಗೂ ಸೌಟನ್ನು ತಳ ಮುಟ್ಟಿಸಿ, ಒಂದು ಸುತ್ತು ತಿರುಗಿಸಿ, ನೇರ ಮೇಲೆತ್ತಿ. 150 ಮಿಲಿ ಸೌಟಾದರೆ ಎರಡು. ಬೇಯಿಸಿದ ಅರ್ಧ ಮೊಟ್ಟೆ ಮೇಲೆ ಕಾಣುವಂತೆ ಇಡಿ, ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂದು ಗೊತ್ತಾಗುತ್ತದೆ. ಮೂರು ವರ್ಷದೊಳಗಿನವರಿಗೆ ಒಂದೂಕಾಲು ಸೌಟು ಹಾಕಿ, ಕೇಳಿದರೆ ಇನ್ನೊಮ್ಮೆ. ಎಲ್ಲರಿಗೂ ಬಡಿಸಿದ ಮೇಲೆಯೇ ದೊಡ್ಡ ಮಕ್ಕಳಿಗೆ ಎರಡನೇ ಸಲ.

ಒಂದು ಹುಡುಗಿ ಗಂಜಿ ಉಂಡು ಮೊಟ್ಟೆಯನ್ನು ಮಾತ್ರ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಜೇಬಿಗೆ ಇಳಿಸುವುದು ಕಣ್ಣಿಗೆ ಬೀಳುತ್ತದೆ. ಬೈಯಬೇಡಿ, ಕಸಿದುಕೊಳ್ಳಬೇಡಿ. ಮನೆಯಲ್ಲಿ ತಮ್ಮನೋ ತಂಗಿಯೋ ಕಾದಿದೆ ಎಂದೇ ಅರ್ಥ. ಆ ಹೆಸರು ಕೇಳಿ ನಾನಾಯ್‌ಗೆ ತಿಳಿಸಿ, ಆ ಪುಟ್ಟದನ್ನೂ ಪಟ್ಟಿಗೆ ಸೇರಿಸಿದರೆ ಮರುದಿನದಿಂದ ಹುಡುಗಿ ತನ್ನ ಮೊಟ್ಟೆ ತಾನೇ ತಿನ್ನುತ್ತಾಳೆ.

ತೂಕ, ತೋಳು

ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡಿ: ಪ್ರತಿ ಸಲವೂ ಅದೇ ತಕ್ಕಡಿ, ಗಟ್ಟಿ ನೆಲ, ಊಟಕ್ಕೆ ಮೊದಲು, ಚಪ್ಪಲಿ ಬಿಚ್ಚಿಸಿ. ಆರು ತಿಂಗಳಿಂದ ಐದು ವರ್ಷದೊಳಗಿನವರ ಎಡ ತೋಳಿನ ನಡುಭಾಗವನ್ನು ಬಣ್ಣದ ಪಟ್ಟಿಯಿಂದ ಅಳೆಯಿರಿ. 12.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಹಳದಿ, 11.5ಕ್ಕಿಂತ ಕಡಿಮೆ ಇದ್ದರೆ ಕೆಂಪು. ಕೆಂಪು ಬಂದ ಮಗುವಿಗೆ, ಎರಡೂ ಪಾದ ಊದಿದ ಮಗುವಿಗೆ, ಗಂಜಿ ಸಾಲದು. ಅದೇ ದಿನ ಬರಂಗಾಯ್, ಅಂದರೆ ವಾರ್ಡಿನ, ಆರೋಗ್ಯ ಕೇಂದ್ರಕ್ಕೆ ತಾಯಿಯ ಜೊತೆ ಕಳಿಸಬೇಕು. ಚೆನ್ನಾಗಿ ಉಂಡರೂ ಎರಡು ತಿಂಗಳು ತೂಕ ಏರದಿದ್ದರೆ ಜಂತುಹುಳು ಅಥವಾ ಕ್ಷಯ ಇರಬಹುದು, ಅದನ್ನೂ ಅಲ್ಲೇ ತೋರಿಸಿ.

ಪಾತ್ರೆ, ಮಳೆ, ಪುಸ್ತಕ

ಉಳಿದ ಲುಗಾವನ್ನು ನಾಳೆಗೆ ಇಡಬೇಡಿ. ಅನ್ನ, ಗಂಜಿ ಬೆಚ್ಚಗೆ ಕೂತಷ್ಟೂ ಅದರಲ್ಲಿ ಹುಟ್ಟುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಎರಡನೇ ಪಂಕ್ತಿಯವರೆಗೆ ಸಣ್ಣ ಉರಿಯಲ್ಲಿ ಹಬೆಯಾಡುತ್ತಿರಲಿ, ಮಿಕ್ಕಿದ್ದನ್ನು ಅಲ್ಲೇ ಹಂಚಿ. ಬಟ್ಟಲಿಗೆ ಮೂರು ಟಬ್: ಸೋಪು, ತೊಳೆನೀರು, ಬ್ಲೀಚ್. ಬ್ಲೀಚ್ 4 ಲೀಟರಿಗೆ 2 ಟೀ ಚಮಚ, ಎರಡು ನಿಮಿಷ ಮುಳುಗಿಸಿ, ಒರೆಸದೆ ಬೋರಲು ಹಾಕಿ ಒಣಗಿಸಿ.

ಜೂನ್‌ನಿಂದ ನವೆಂಬರ್‌ವರೆಗೆ ತೂಫಾನು ಬರುತ್ತಲೇ ಇರುತ್ತದೆ. ಗಲ್ಲಿಗೆ ನೀರು ನುಗ್ಗಿದ ದಿನ ಕಾಲಲ್ಲಿ ಗಾಯವಿದ್ದರೆ ಇಳಿಯಬೇಡಿ, ಇಲಿ ಮೂತ್ರದಿಂದ ಬರುವ ಲೆಪ್ಟೊಸ್ಪೈರೋಸಿಸ್ ಹರಡುವುದು ಆ ನೀರಿನಲ್ಲೇ. ಅಂಥ ದಿನಕ್ಕೆಂದು ಬೇಯಿಸಿದ ಮೊಟ್ಟೆ, ಸಬಾ ಬಾಳೆಹಣ್ಣು ಮನೆಮನೆಗೆ ಮುಟ್ಟಿಸುವ ವ್ಯವಸ್ಥೆಯನ್ನು ನಾನಾಯ್‌ಗಳು ಮಾಡಿಕೊಂಡಿರುತ್ತಾರೆ, ಅವರು ಹೇಳಿದ ಹಾಗೆ ಕಟ್ಟಿಕೊಡಿ.

ಹೊರಡುವ ದಿನವನ್ನು ಮಕ್ಕಳಿಗೆ ಒಂದು ವಾರ ಮೊದಲೇ ಹೇಳಿ, ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ತೋರಿಸಿ. ಮತ್ತೆ ಬರುತ್ತೇನೆ ಎಂದು ಖಾತ್ರಿಯಿಲ್ಲದೆ ಹೇಳಬೇಡಿ, ಬಾಗಿಲಲ್ಲಿ ಕಾಯುತ್ತಾರೆ. ನಿಮ್ಮ ಜಾಗಕ್ಕೆ ಬರುವವರಿಗಾಗಿ ಅಡುಗೆ ಮನೆಯ ಪುಸ್ತಕದಲ್ಲಿ ಬರೆದಿಡಿ: ಯಾವ ಮಗುವಿಗೆ ಮೊಟ್ಟೆ ಆಗುವುದಿಲ್ಲ, ಯಾರು ನಾವಾಗಿ ಕೇಳದಿದ್ದರೆ ಎರಡನೇ ಸಲ ಹಾಕಿಸಿಕೊಳ್ಳುವುದಿಲ್ಲ, ಯಾವ ಒಲೆಯ ಎಡಗಡೆ ಉರಿ ಜೋರು.