ದುರ್ಗದ ಹೊಂಡಗಳನ್ನು ನೀರು ಹರಿದ ದಾರಿಯಲ್ಲೇ ನೋಡುವುದು ಹೇಗೆ?

ಚಿತ್ರದುರ್ಗದ ಕೋಟೆಗೆ ಬಂದವರು ಹೆಚ್ಚು ಕಡಿಮೆ ಒಂದೇ ತರ ಸುತ್ತುತ್ತಾರೆ. ಬಾಗಿಲ ಹತ್ತಿರ ಒಂದು ಸೆಲ್ಫಿ, ಏಕನಾಥೇಶ್ವರಿಗೆ ಕೈ ಮುಗಿಯುವುದು, ಓಬವ್ವನ ಕಿಂಡಿಯಲ್ಲಿ ಇನ್ನೊಂದು ಫೋಟೊ, ವಾಪಸ್. ಮಧ್ಯೆ ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ಎರಡು ನಿಮಿಷ ನಿಲ್ಲುತ್ತಾರೆ. "ಇಷ್ಟು ಮೇಲೆ ಇಷ್ಟೊಂದು ನೀರಾ!" ಅನ್ನುತ್ತಾರೆ, ಮುಂದೆ ಹೋಗುತ್ತಾರೆ. ಆ ನೀರು ಎಲ್ಲಿಂದ ಬಂತು, ತುಂಬಿದ ಮೇಲೆ ಎಲ್ಲಿಗೆ ಹೋಗುತ್ತೆ ಅಂತ ಕೇಳುವವರು ಕಡಿಮೆ. ದುರ್ಗದ ನಿಜವಾದ ಜಾಣತನ ಇರುವುದು ಅಲ್ಲೇ.

ಇದು ಬಯಲುಸೀಮೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ, ಅದೂ ಕೈಕೊಡುವ ವರ್ಷಗಳೇ ಜಾಸ್ತಿ. ಹೊಳೆ ಪಕ್ಕದಲ್ಲಿಲ್ಲ. ಆದರೂ ಈ ಬೆಟ್ಟದ ಮೇಲೆ ಸೈನ್ಯ, ಅರಮನೆ, ಮಠ, ದೇವಸ್ಥಾನ ಎಲ್ಲವೂ ಬದುಕಿದ್ದವು. ಬಂಡೆಯ ಮೇಲೆ ಬಿದ್ದ ಮಳೆಯನ್ನು ಗೋಪಾಲಸ್ವಾಮಿ ಹೊಂಡದಲ್ಲಿ ಹಿಡಿದರು. ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಓಬವ್ವನ ಕಿಂಡಿ ಕಡೆಯ ತಣ್ಣೀರು ದೋಣಿ ಅನ್ನುವ ಸಣ್ಣ ಕೊಳಕ್ಕೆ, ಬೆಟ್ಟ ಇಳಿದು ಸಿಹಿನೀರು ಹೊಂಡಕ್ಕೆ, ಕೊನೆಗೆ ಊರ ನಡುವಿನ ಸಂತೆಹೊಂಡಕ್ಕೆ. ಕೋಟೆಯವರು ಕುಡಿದು ಉಳಿದದ್ದು ಪೇಟೆಯವರಿಗೆ. ಈ ಸಾಲನ್ನು ಮೇಲಿನಿಂದ ಕೆಳಕ್ಕೆ, ನೀರು ಹೋದಂತೆಯೇ ನಡೆದು ನೋಡಬೇಕು. ಅರ್ಧ ದಿನ ಸಾಕು.

ಯಾವಾಗ, ಏನು ಹಾಕಿಕೊಂಡು

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ತನಕ ಹೋಗಿ. ಏಪ್ರಿಲ್‌ನಲ್ಲಿ ಹೋದರೆ ಬಂಡೆ ಕಾದ ಕಾವಲಿ, ಹೊಂಡದಲ್ಲಿ ಹಸಿರು ನೀರು. ಜೋರು ಮಳೆ ಬಂದ ಮರುದಿನ ಬೇಡ. ಒಂದು ದಿನ ಬಿಸಿಲು ಬೀಳಲಿ, ಬಂಡೆ ಒಣಗಲಿ, ಆಮೇಲೆ ಹೊರಡಿ. ಆಗ ಹೊಂಡವೂ ತುಂಬಿರುತ್ತೆ, ಕಾಲೂ ನಿಲ್ಲುತ್ತೆ.

ಚಪ್ಪಲಿ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ಮೆತ್ತಗಿನ ರಬ್ಬರ್ ಅಟ್ಟೆಯ ಹಳೇ ಶೂ ಎಲ್ಲಕ್ಕಿಂತ ಒಳ್ಳೆಯದು. ಫುಟ್‌ಪಾತಿನಲ್ಲಿ "ಟ್ರೆಕ್ಕಿಂಗ್ ಶೂ" ಅಂತ ಮಾರುವ ಗಟ್ಟಿ ಪ್ಲಾಸ್ಟಿಕ್ ಅಟ್ಟೆಯ ಶೂಗಳಿವೆ, ನೋಡಲು ಚೆಂದ. ನುಣುಪು ಕಲ್ಲಿನ ಮೇಲೆ ಅವು ಜಾರುವಷ್ಟು ಹವಾಯಿ ಚಪ್ಪಲಿಯೂ ಜಾರುವುದಿಲ್ಲ. ಹೊಸ ಶೂ ಹಾಕಿಕೊಂಡು ಬಂದು, ಇಳಿಯುವಾಗ ಕುಂಡೆ ಊರಿಕೊಂಡು ಇಳಿಯುವವರನ್ನು ಪ್ರತಿ ರಜೆಯಲ್ಲೂ ನೋಡುತ್ತೇನೆ.

ತಲೆಗೆ ಎರಡು ಲೀಟರ್ ನೀರು ಇರಲಿ. ಮೇಲೆ ಎಲ್ಲೋ ಅಂಗಡಿ ಸಿಗುತ್ತೆ ಅಂತ ನಂಬಿಕೊಳ್ಳಬೇಡಿ. ತಿಂಡಿಯನ್ನು ಬಟ್ಟೆ ಚೀಲದೊಳಗೆ ಇಡಿ. ಪ್ಲಾಸ್ಟಿಕ್ ಕವರಿನ ಸರಸರ ಸದ್ದಿಗೆ ಕೋತಿಗಳು ಎಲ್ಲಿದ್ದರೂ ಬರುತ್ತವೆ.

ಹತ್ತುವುದು

ಬೆಳಗ್ಗೆ ಬೇಗ ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ, ಎಲ್ಲೂ ಜಾಸ್ತಿ ನಿಲ್ಲದೆ ನೇರ ಗೋಪಾಲಸ್ವಾಮಿ ಹೊಂಡ ಸೇರಿ. ಬಾಗಿಲುಗಳು, ಮದ್ದು ಬೀಸುವ ಕಲ್ಲುಗಳು, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ ಎಲ್ಲವನ್ನೂ ಇಳಿಯುವಾಗ ನೋಡಬಹುದು. ಬಿಸಿಲು ಏರುವ ಮೊದಲು ಮೇಲಿರಬೇಕು.

ದಾರಿಯಲ್ಲಿ ಒಂದು ಎಚ್ಚರಿಕೆ. ಎಣ್ಣೆ ಕೊಳ, ತುಪ್ಪದ ಕೊಳ ಅಂತ ಹೆಸರು ಕೇಳಿದ ಕೂಡಲೇ ಅವೂ ಹೊಂಡಗಳ ಸಾಲಿಗೆ ಸೇರಿದ್ದು ಅಂದುಕೊಳ್ಳುತ್ತಾರೆ. ಅಲ್ಲ. ಅವು ಹೆಸರೇ ಹೇಳುವ ಹಾಗೆ ಎಣ್ಣೆ, ತುಪ್ಪ ಕೂಡಿಡುವ ಜಾಗಗಳು. ತುಪ್ಪದ ಕೊಳಕ್ಕೆ ಕಡಿದಾದ ಬಂಡೆಯಲ್ಲಿ ಕೊರೆದ ಹೆಜ್ಜೆಗುಳಿಗಳ ಮೇಲೆ ಹತ್ತಬೇಕು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಅದನ್ನು ಬಿಟ್ಟುಬಿಡಿ, ನಮ್ಮ ಇವತ್ತಿನ ದಾರಿಗೆ ಅದು ಬೇಕಾಗಿಲ್ಲ.

ಗೋಪಾಲಸ್ವಾಮಿ ಹೊಂಡವನ್ನು ಓದುವುದು

ಎಲ್ಲರೂ ಎಡವುವುದು ಇಲ್ಲಿ. ಹೊಂಡವನ್ನು ನೋಡುತ್ತಾರೆ, ಹೊಂಡದ ಸುತ್ತ ನೋಡುವುದಿಲ್ಲ. ಒಂದು ಗಂಟೆ ಇದಕ್ಕೇ ಇಡಿ.

ದಂಡೆಗೆ ಬಂದ ಕೂಡಲೇ ಫೋನ್ ಜೇಬಿಗೆ ಹಾಕಿ. ಮೊದಲು ಯಾವ ಬದಿ ಬಂಡೆ, ಯಾವ ಬದಿ ಕಟ್ಟಿದ ಗೋಡೆ ಅಂತ ಬೇರೆ ಮಾಡಿಕೊಳ್ಳಿ. ಬಂಡೆಗೆ ಸಂದಿ ಇರುವುದಿಲ್ಲ. ಕಟ್ಟಿದ ಕಡೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ ಸಾಲು ಕಾಣುತ್ತೆ. ಗೋಡೆ ಎಲ್ಲಿದೆಯೋ ಅಲ್ಲಿ ನೀರು ಓಡಿಹೋಗಲು ನೋಡುತ್ತಿತ್ತು, ಅದನ್ನು ತಡೆದಿದ್ದಾರೆ ಅಂತ ಅರ್ಥ. ಇಷ್ಟು ತಿಳಿದರೆ ಇಳಿಜಾರು ಯಾವ ಕಡೆಗಿದೆ ಅನ್ನುವುದು ಗೊತ್ತಾಯಿತು.

ಈಗ ಬಂಡೆಗಳ ಕಡೆ ತಿರುಗಿ. ಬಂಡೆಯ ಮೈಮೇಲೆ ಮೇಲಿನಿಂದ ಕೆಳಕ್ಕೆ ಕಪ್ಪು ಪಟ್ಟೆಗಳಿರುತ್ತವೆ. ಅದು ಕೊಳೆಯಲ್ಲ. ವರ್ಷವರ್ಷವೂ ಮಳೆನೀರು ಅದೇ ಜಾಡಿನಲ್ಲಿ ಇಳಿದು, ಅಲ್ಲಿ ಬೆಳೆದ ಪಾಚಿ ಒಣಗಿ ಕಪ್ಪಾದದ್ದು. ಪಟ್ಟೆ ಅಗಲವಾಗಿದ್ದಲ್ಲಿ ನೀರು ಜಾಸ್ತಿ ಬರುತ್ತೆ. ಒಂದು ಪಟ್ಟೆ ಹಿಡಿದು ಕಣ್ಣಲ್ಲೇ ಮೇಲಕ್ಕೆ ಹೋಗಿ. ಎಷ್ಟು ದೊಡ್ಡ ಬಂಡೆಯ ನೀರು ಎಷ್ಟು ಸಣ್ಣ ಜಾಗಕ್ಕೆ ಬಂದು ಬೀಳುತ್ತೆ ಅಂತ ಆಗ ಗೊತ್ತಾಗುತ್ತೆ. ಮಣ್ಣಾಗಿದ್ದರೆ ಅರ್ಧ ನೀರು ನೆಲಕ್ಕೆ ಇಂಗುತ್ತಿತ್ತು. ಬಂಡೆ ಏನೂ ಕುಡಿಯುವುದಿಲ್ಲ, ಬಿದ್ದದ್ದನ್ನೆಲ್ಲ ಹೊಂಡಕ್ಕೆ ಒಪ್ಪಿಸುತ್ತೆ. ಅದಕ್ಕೇ ಕಡಿಮೆ ಮಳೆಯಲ್ಲೂ ಈ ಹೊಂಡಗಳು ತುಂಬುತ್ತವೆ.

ಇನ್ನು ಕೋಡಿ. ಇದೇ ಕಷ್ಟದ್ದು. ಹೊಂಡದ ಒಳಮೈಯಲ್ಲಿ ನೀರಿನ ಗುರುತು ನೋಡಿ. ಮಣ್ಣುಬಣ್ಣದ ತೆಳು ಗೆರೆ, ಅದರ ಕೆಳಗೆ ಸಿಪ್ಪೆಯಂತೆ ಎದ್ದ ಒಣ ಪಾಚಿ. ನೀರು ಏರಿದ ಮಟ್ಟ ಅದು. ಹೊಂಡ ಪೂರ್ತಿ ತುಂಬಿದ್ದರೆ ನೀರಿನ ಅಂಚೇ ನಿಮ್ಮ ಗೆರೆ. ಆ ಗೆರೆಯ ಮೇಲೆ ಕಣ್ಣಿಟ್ಟು ದಂಡೆಯುದ್ದಕ್ಕೂ ನಿಧಾನ ನಡೆಯಿರಿ. ಗೆರೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ದಂಡೆ ಮಾತ್ರ ಏರಿಳಿಯುತ್ತೆ. ದಂಡೆ ಎಲ್ಲಿ ಇಳಿದು ಗೆರೆಗೆ ಅತಿ ಹತ್ತಿರ ಬರುತ್ತೋ ಅಲ್ಲಿ ನಿಲ್ಲಿ. ಬಗ್ಗಿ ನೋಡಿ. ಹುಲ್ಲು ಒಂದೇ ದಿಕ್ಕಿಗೆ ಮಲಗಿರಬೇಕು. ಕಲ್ಲಿನ ಸಂದಿಯಲ್ಲಿ ಸಣ್ಣ ಮರಳು, ಕಡ್ಡಿ, ಎಲೆ ಸಿಕ್ಕಿಕೊಂಡಿರಬೇಕು. ಇವೆರಡೂ ಇದ್ದರೆ ನೀರು ಹೊರಗೆ ಹೋದದ್ದು ಅಲ್ಲಿಂದಲೇ. ಹುಲ್ಲು ಮಲಗಿದ ದಿಕ್ಕು ಮುಂದಿನ ದಾರಿ ಹೇಳುತ್ತೆ.

ಫೋನಿನ ಮ್ಯಾಪ್ ನೋಡಿ ಕೋಡಿ ಹುಡುಕಲು ಹೋಗಬೇಡಿ. ಮ್ಯಾಪಿಗೆ ಹೊಂಡ ಬರೀ ಒಂದು ನೀಲಿ ಚುಕ್ಕೆ. ಡ್ರೋನ್ ವಿಡಿಯೋ ನೋಡಿ ಬಂದವರಿಗೂ ಇದು ಸಿಗುವುದಿಲ್ಲ, ಮೇಲಿನಿಂದ ನೋಡಿದರೆ ಏರಿಳಿತ ಚಪ್ಪಟೆಯಾಗಿಬಿಡುತ್ತೆ. ಕಾಲಲ್ಲೇ ನೋಡಬೇಕು.

ಹೊರಡುವ ಮೊದಲು ಹತ್ತಿರದ ಬಂಡೆಗಳಲ್ಲಿ ಸಾಲಾಗಿ ಕೊರೆದ ಚೌಕ ಕುಳಿಗಳನ್ನು ಹುಡುಕಿ. ಕಲ್ಲು ಸೀಳಲು ಬೆಣೆ ಹೊಡೆದ ಗುರುತು ಅವು. ಕೋಟೆಯ ಕಲ್ಲು ಈ ಬೆಟ್ಟದ್ದೇ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಬೆರಳು ಇಟ್ಟು ನೋಡಿ, ಉಳಿಯ ಏಟು ಈಗಲೂ ಕೈಗೆ ಸಿಗುತ್ತೆ.

ಅಕ್ಕ-ತಂಗಿ ಹೊಂಡಕ್ಕೆ

ಹುಲ್ಲು ತೋರಿಸಿದ ದಿಕ್ಕು ಗೊತ್ತಾಯಿತು ಅಂತ ಕೊರಕಲಿಗೆ ಇಳಿಯಬೇಡಿ. ಜಾಲಿ ಮುಳ್ಳು, ಹಾವು, ಸಡಿಲ ಕಲ್ಲು. "ಇಲ್ಲೇ ಶಾರ್ಟ್‌ಕಟ್ ಇದೆ ಸಾರ್" ಅಂತ ಕರೆಯುವ ಹುಡುಗರು ಇರುತ್ತಾರೆ. ಬೇಡ ಅನ್ನಿ, ಕಾಲುದಾರಿಯಲ್ಲೇ ಹೋಗಿ.

ಇಲ್ಲಿ ಎರಡು ಹೊಂಡ, ಒಂದು ಮೇಲೆ, ಒಂದು ಕೆಳಗೆ. ಹೊಂಡಗಳನ್ನು ಹೀಗೆ ಸಾಲಾಗಿ ಕಟ್ಟುವುದರ ಗುಟ್ಟು ಇಲ್ಲಿ ಚೆನ್ನಾಗಿ ತಿಳಿಯುತ್ತೆ. ನೀರು ಒಂದು ಕಡೆ ನಿಂತಾಗ ಮಣ್ಣು ತಳಕ್ಕೆ ಕೂರುತ್ತೆ, ಮೇಲಿನ ತಿಳಿ ಮುಂದಕ್ಕೆ ಹೋಗುತ್ತೆ. ಪ್ರತಿ ಹೊಂಡವೂ ಮುಂದಿನದಕ್ಕೆ ಸೋಸಿ ಕೊಟ್ಟ ಹಾಗೆ. ಕೋಟೆ ಬಿದ್ದಾಗ ಮದಕರಿಯ ರಾಣಿಯರು ಇಲ್ಲಿ ಹಾರಿಕೊಂಡರು ಅನ್ನುವ ಕತೆಯನ್ನು ಗೈಡ್‌ಗಳು ಹೇಳುತ್ತಾರೆ. ಕತೆ ಕೇಳಿ, ಆದರೆ ದಂಡೆಯಿಂದ ನಾಲ್ಕು ಹೆಜ್ಜೆ ದೂರ ನಿಂತು ಕೇಳಿ. ಕಲ್ಲು ಪಾಚಿ ಹಿಡಿದಿರುತ್ತೆ. ಈಜು ಬರುವವರೂ ನೀರಿಗೆ ಇಳಿಯಬಾರದು, ಹತ್ತಿ ಬರಲು ಹಿಡಿತ ಸಿಗುವುದಿಲ್ಲ.

ಓಬವ್ವನ ಕಿಂಡಿ

ಓಬವ್ವನ ಒನಕೆ ಎಲ್ಲರಿಗೂ ನೆನಪಿದೆ, ಕೊಡ ಮರೆತುಹೋಗಿದೆ. ಗಂಡ ಊಟಕ್ಕೆ ಕೂತಿದ್ದಾಗ ಅವಳು ಮನೆಯಿಂದ ಹೊರಗೆ ಬಂದದ್ದೇ ನೀರಿಗೆ. ತಣ್ಣೀರು ದೋಣಿಗೆ ನೀರು ತರಲು ಹೋದವಳಿಗೆ ಕಿಂಡಿಯಲ್ಲಿ ಹೈದರನ ಸೈನಿಕರ ಸದ್ದು ಕೇಳಿತು. ಹಾಗಾಗಿ ಕಿಂಡಿಯಲ್ಲಿ ತೂರುವ ಮೊದಲು ದೋಣಿ ನೋಡಿ, ಮಕ್ಕಳಿಗೆ ಕತೆಯನ್ನು ಅಲ್ಲಿಂದ ಶುರು ಮಾಡಿ ಹೇಳಿ. ಮಲೆ ಮೇಲಿನ ನೀರು ಕಲ್ಲಿನ ಸಂದಿ ಹುಡುಕಿ ಇಳಿಯುವ ಕಡೆಯೇ ಶತ್ರುವೂ ಸಂದಿ ಹುಡುಕಿದ್ದು. ಇಲ್ಲಿ ನಿಂತು ನೋಡಿದರೆ ಅದು ಸಹಜ ಅನ್ನಿಸುತ್ತೆ. ಕೋಟೆ ಕೊನೆಗೆ ಹೈದರನ ಕೈಗೆ ಹೋದದ್ದು 1779ರಲ್ಲಿ.

ಊರೊಳಗೆ

ಬಂದ ದಾರಿಯಲ್ಲೇ ವಾಪಸ್ ಹೋಗಿ ಮುಖ್ಯ ಬಾಗಿಲಿನಿಂದ ಹೊರಗೆ ಬನ್ನಿ. ಮಂಡಕ್ಕಿ, ಮೆಣಸಿನಕಾಯಿ ತಿಂದು ಚಹಾ ಕುಡಿದು ಮುಂದಕ್ಕೆ ಹೊರಡಿ. ಊರಲ್ಲಿ ನೀರಿನ ಜಾಡು ಮನೆ, ರಸ್ತೆಗಳ ನಡುವೆ ತಪ್ಪಿಹೋಗುತ್ತೆ. ಕೇಳಿಕೊಂಡೇ ಹೋಗಬೇಕು. "ಪುಷ್ಕರಣಿ ಎಲ್ಲಿದೆ" ಅಂತ ಕೇಳಿದರೆ ಜನ ಮುಖ ನೋಡುತ್ತಾರೆ. "ಸಿಹಿನೀರು ಹೊಂಡ ಯಾವ ಕಡೆ ಅಣ್ಣಾ" ಅನ್ನಿ, ಕೈ ಮಾಡಿ ತೋರಿಸುತ್ತಾರೆ. ವಯಸ್ಸಾದವರು ಸಿಕ್ಕರೆ ಎರಡು ನಿಮಿಷ ಕೂತು ಮಾತಾಡಿ. ಹಿಂದೆ ಎಲ್ಲಿಂದ ನೀರು ಹೊರುತ್ತಿದ್ದರು ಅಂತ ಕೇಳಿ. ಯಾವ ಬೋರ್ಡಿನಲ್ಲೂ ಬರೆಯದ ವಿಷಯ ಅವರ ಹತ್ತಿರ ಇರುತ್ತೆ.

ಸಂತೆಹೊಂಡ ಪೇಟೆಯ ಗದ್ದಲದ ನಡುವೆ ಇದೆ. ಮೇಲೆ ಬಂಡೆಯನ್ನೇ ಬಳಸಿಕೊಂಡ ಒರಟು ಹೊಂಡಗಳನ್ನು ನೋಡಿ ಬಂದ ಕಣ್ಣಿಗೆ ಇಲ್ಲಿನ ಕಟ್ಟಿದ ಮೆಟ್ಟಿಲುಗಳ ಅಚ್ಚುಕಟ್ಟು ಎದ್ದು ಕಾಣುತ್ತೆ. ಮೆಟ್ಟಿಲು ಎಣಿಸಿ, ನೀರು ಎಷ್ಟನೇ ಮೆಟ್ಟಿಲಲ್ಲಿದೆ ನೋಡಿ. ಊರಿನವರಿಗೆ ಮಳೆಯ ಲೆಕ್ಕ ಅಷ್ಟರಲ್ಲೇ ಸಿಗುತ್ತಿತ್ತು. ಈಗ ಊರಿಗೆ ಕುಡಿಯುವ ನೀರು ಶಾಂತಿಸಾಗರ, ವಾಣಿವಿಲಾಸ ಸಾಗರದಿಂದ ಪೈಪಿನಲ್ಲಿ ಬರುತ್ತೆ, ಹೊಂಡದ ಕಡೆ ಜನ ತಿರುಗಿ ನೋಡುವುದು ಕಡಿಮೆಯಾಗಿದೆ. ದಯವಿಟ್ಟು ಪೂಜೆಯ ಹೂವು, ಕವರು, ಬಾಟಲಿ ನೀರಿಗೆ ಎಸೆಯಬೇಡಿ. ಜೊತೆಗಿದ್ದವರು ಎಸೆದರೆ ಅಲ್ಲೇ ಹೇಳಿ, ಸಂಕೋಚ ಬೇಡ.

ಹೊತ್ತು ಉಳಿದರೆ ರಂಗಯ್ಯನ ಬಾಗಿಲಿನ ಮ್ಯೂಸಿಯಂಗೆ ಹೋಗಬಹುದು. ನನ್ನ ಆಯ್ಕೆ ಮಾತ್ರ ಚಂದ್ರವಳ್ಳಿ. ಅಲ್ಲಿ ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ, ಪ್ರಾಕೃತದಲ್ಲಿ, 4ನೇ ಶತಮಾನದ್ದು. ಅದು ಹೇಳುವುದು ಕೆರೆ ಕಟ್ಟಿಸಿದ ವಿಷಯ. ಪಾಳೆಯಗಾರರಿಗಿಂತ ಸಾವಿರ ವರ್ಷಕ್ಕೂ ಮೊದಲೇ ಈ ಬೆಟ್ಟಗಳ ನಡುವೆ ನೀರು ಹಿಡಿಯುವ ಕೆಲಸ ನಡೆದಿತ್ತು. 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ್ದೂ ಇಲ್ಲೇ. ಅಕ್ಷರಗಳು ಸವೆದಿವೆ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋದರೆ ಗೀರುಗಳು ಸ್ವಲ್ಪ ಕಾಣುತ್ತವೆ. ಪಕ್ಕದ ಅಂಕಲಿ ಮಠದ ಗುಹೆಗೆ ಇಳಿಯುವುದಿದ್ದರೆ ಒಳ್ಳೆಯ ಟಾರ್ಚ್ ಬೇಕು, ಫೋನಿನ ಬೆಳಕು ಸಾಲುವುದಿಲ್ಲ. ಆಟೋದವರಿಗೆ ಹೋಗಿ ಬರುವುದಕ್ಕೂ ಸೇರಿಸಿ ಮೊದಲೇ ಮಾತಾಡಿಕೊಳ್ಳಿ, ಸಂಜೆ ಅಲ್ಲಿ ಖಾಲಿ ಆಟೋ ಸಿಗುವುದು ಕಷ್ಟ.